ಚಪ್ಪಲಿ ಪೆಟ್ಟಿಗೆಯೊಳಗೆ ಮೆಕ್ಸಿಕೋದ ಎಲುಬುಗೂಡುಗಳು

ನವೆಂಬರ್ 1 ನಮ್ಮ ಕಡೆ ಸ್ವಲ್ಪ ವಿಚಿತ್ರವಾದ ದಿನ. ಬೆಳಿಗ್ಗೆ ಶಾಲೆಯ ಅಸೆಂಬ್ಲಿಯಲ್ಲಿ ಕೇರಳ ಪಿರವಿ. 1956ರ ಅದೇ ದಿನ ಕಾಸರಗೋಡು ಹಳೆಯ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ತಲಪಾಡಿ ದಾಟಿದರೆ ಆಚೆ ರಾಜ್ಯೋತ್ಸವ, ಬಾವುಟ, ಮೆರವಣಿಗೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಯಾವುದಕ್ಕೆ ಚಪ್ಪಾಳೆ ತಟ್ಟಬೇಕು ಎಂಬುದು ಪ್ರತಿ ವರ್ಷದ ಗೊಂದಲ. ಅವರು ಎರಡಕ್ಕೂ ತಟ್ಟುತ್ತಾರೆ, ಮಿಠಾಯಿ ಸಿಕ್ಕಿದರಾಯಿತು!

ಆದರೆ ಅದೇ ದಿನ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಮೂರನೆಯದೊಂದು ಹಬ್ಬವೂ ಇದೆ. ಮೆಕ್ಸಿಕೋ ದೇಶದಲ್ಲಿ ನವೆಂಬರ್ 1 ಮತ್ತು 2ರಂದು ಸತ್ತವರು ಮನೆಗೆ ಬರುತ್ತಾರೆ ಎಂಬ ನಂಬಿಕೆ. ಮೊದಲ ದಿನ ಸತ್ತ ಮಕ್ಕಳು, ಎರಡನೆಯ ದಿನ ದೊಡ್ಡವರು. ಅವರಿಗಾಗಿ ಎಡೆ ಇಡುತ್ತಾರೆ, ದೀಪ ಹಚ್ಚುತ್ತಾರೆ, ಹೂವಿನ ಎಸಳು ಚೆಲ್ಲಿ ದಾರಿ ತೋರಿಸುತ್ತಾರೆ. ಅಂಗಡಿಗಳಲ್ಲಿ ಮಣ್ಣಿನ, ಕಾಗದದ, ಸಕ್ಕರೆಯ ಅಸ್ಥಿಪಂಜರಗಳು ಸಾಲಾಗಿ ನಿಂತು ನಗುತ್ತಿರುತ್ತವೆ.

ಕಳೆದ ವರ್ಷ ಅಕ್ಟೋಬರಿನಲ್ಲಿ ನಮ್ಮ ಏಳನೇ ತರಗತಿಯ ಹದಿನಾಲ್ಕು ಮಕ್ಕಳ ಜತೆ ನಾವು ಈ ಅಸ್ಥಿಪಂಜರಗಳನ್ನು ಮಾಡಿದೆವು. ಚಿತ್ರಕಲೆಯ ಪೀರಿಯಡ್, ಸಮಾಜ ವಿಜ್ಞಾನದ ಪೀರಿಯಡ್ ಎರಡನ್ನೂ ಸೇರಿಸಿಕೊಂಡು ಮೂರು ವಾರದ ಕೆಲಸ. "ಮಕ್ಕಳ ಕೈಯಲ್ಲಿ ಹೆಣದ ಗೊಂಬೆ ಮಾಡಿಸುವುದು ಎಂತಕ್ಕೆ?" ಎಂದು ಒಂದಿಬ್ಬರು ಹೆತ್ತವರು ಕೇಳಿದರು. ಕೇಳಿದ್ದು ಸರಿಯೇ. ಆವತ್ತು ಪಿ.ಟಿ.ಎ. ಸಭೆಯಲ್ಲಿ ನಿಂತುಕೊಂಡು ಗಡಿಬಿಡಿಯಲ್ಲಿ ಏನೋ ಹೇಳಿದೆವು. ಸರಿಯಾದ ಉತ್ತರ ಇಲ್ಲಿ ಬರೆಯುತ್ತಿದ್ದೇವೆ. ಅದು ಸ್ವಲ್ಪ ಉದ್ದದ ಚರಿತ್ರೆ.

ಮೊದಲು ಈ ಗೊಂಬೆಗಳ ವಿಷಯ. ಒಂದು ಸಣ್ಣ ಪೆಟ್ಟಿಗೆ, ಎದುರಿನ ಬದಿ ತೆರೆದಿರುತ್ತದೆ. ಒಳಗೆ ಒಂದು ದೃಶ್ಯ. ಮದುವೆ, ಹಲ್ಲು ಕೀಳುವ ಡಾಕ್ಟರು, ವಾದ್ಯದವರ ತಂಡ, ಹೆಂಗಸರು ರೊಟ್ಟಿ ತಟ್ಟುವ ಅಡುಗೆಮನೆ, ಪಾಠ ಮಾಡುವ ಮೇಷ್ಟ್ರು. ಎಲ್ಲವೂ ನಾವು ದಿನಾ ನೋಡುವಂಥದ್ದೇ. ಒಂದೇ ವ್ಯತ್ಯಾಸ, ಅಲ್ಲಿರುವವರೆಲ್ಲ ಎಲುಬುಗೂಡುಗಳು. ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವಷ್ಟು ಚಿಕ್ಕದರಿಂದ ಹಿಡಿದು ಮನುಷ್ಯನ ಎತ್ತರದವರೆಗೂ ಮಾಡುತ್ತಾರೆ. ಸತ್ತವರು ಅಳುವುದಿಲ್ಲ, ಹೆದರಿಸುವುದಿಲ್ಲ, ಬದುಕಿದ್ದಾಗ ಮಾಡುತ್ತಿದ್ದ ಕೆಲಸವನ್ನೇ ಮುಂದುವರಿಸುತ್ತಿರುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ತಲೆಬುರುಡೆಗೆ ಕಲವೇರಾ ಎನ್ನುತ್ತಾರೆ. ಮೆಕ್ಸಿಕೋದಲ್ಲಿ ಈ ಇಡೀ ಗೊಂಬೆಗೂ ಅದೇ ಹೆಸರು.

ಇದು ಎಲ್ಲಿಂದ ಬಂತು? ಎರಡು ಬೇರು ಹೇಳಬೇಕು.

ಒಂದು, ಸ್ಪೇನಿನವರು ಬರುವ ಮೊದಲಿನದು. ಈಗಿನ ಮೆಕ್ಸಿಕೋ ನಗರ ಇರುವ ಜಾಗದಲ್ಲಿ ಮೆಶೀಕಾ ಜನರ (ನಾವು ಪಾಠದಲ್ಲಿ ಅಜ್ಟೆಕ್ ಎಂದು ಓದುವವರು) ರಾಜಧಾನಿ ತೆನೊಚ್ತಿತ್ಲಾನ್ ಇತ್ತು. ಅವರ ಪಾತಾಳದ ಒಡೆಯ ಮಿಕ್ತ್ಲಾನ್‌ತೆಕುತ್ಲಿಯನ್ನು ಎಲುಬು ಕಾಣುವ ಮೈಯವನಾಗಿಯೇ ಕೆತ್ತುತ್ತಿದ್ದರು. ಬಲಿಕೊಟ್ಟವರ ತಲೆಬುರುಡೆಗಳನ್ನು ಮರದ ಕೋಲುಗಳಿಗೆ ಪೋಣಿಸಿ ಸಾಲಾಗಿ ನಿಲ್ಲಿಸುವ ಕಟ್ಟೆಯೂ ಇತ್ತು. ಅದರ ಹೆಸರು ತ್ಸೊಂಪಾಂತ್ಲಿ. ಸ್ಪೇನಿನ ಸೈನಿಕರು ಅದರ ಬಗ್ಗೆ ಬರೆದದ್ದನ್ನು ಉತ್ಪ್ರೇಕ್ಷೆ ಎಂದವರಿದ್ದರು. 2015ರಲ್ಲಿ ಪ್ರಾಚ್ಯವಸ್ತು ತಜ್ಞರು ನಗರದ ನಡುವಿನ ಒಂದು ಹಳೆಯ ಕಟ್ಟಡದ ಅಡಿಯಲ್ಲಿ ಆ ಕಟ್ಟೆಯನ್ನೇ ಕಂಡುಹಿಡಿದರು. 2020ರ ಹೊತ್ತಿಗೆ ಅಲ್ಲಿ 600ಕ್ಕೂ ಹೆಚ್ಚು ತಲೆಬುರುಡೆ ಸಿಕ್ಕಿದ್ದವು, ಹೆಂಗಸರದ್ದೂ ಮಕ್ಕಳದ್ದೂ ಸೇರಿ. ಇದನ್ನು ತರಗತಿಯಲ್ಲಿ ಮುಚ್ಚಿಡಲಿಲ್ಲ. ನಗುವ ಗೊಂಬೆಯ ಹಿಂದಿನದೆಲ್ಲ ನಗುವ ವಿಷಯ ಆಗಿರಬೇಕಾಗಿಲ್ಲ.

ಎರಡನೆಯ ಬೇರು ಯುರೋಪಿನದು. 1521ರ ಆಗಸ್ಟ್ 13ರಂದು ತೆನೊಚ್ತಿತ್ಲಾನ್ ಸ್ಪೇನಿನವರ ಕೈಗೆ ಬಿತ್ತು. ಅವರ ಹಿಂದೆ ಬಂದ ಪಾದ್ರಿಗಳು ತಮ್ಮ ಪಂಚಾಂಗವನ್ನೂ ತಂದರು. ನವೆಂಬರ್ 1 ಸಕಲ ಸಂತರ ದಿನ, ನವೆಂಬರ್ 2 ಸಕಲ ಆತ್ಮಗಳ ದಿನ. ಇವು ಕ್ಯಾಥೊಲಿಕ್ ಚರ್ಚಿನ ಹಳೆಯ ಹಬ್ಬಗಳು. ಪ್ಲೇಗು, ಬರಗಾಲಗಳಲ್ಲಿ ಊರಿಗೂರೇ ಸತ್ತದ್ದನ್ನು ಕಂಡ ಯುರೋಪು ಆಗಲೇ ಅಸ್ಥಿಪಂಜರವನ್ನು ಕುಣಿಸುವುದನ್ನು ಕಲಿತಿತ್ತು. ಸಾವು ಎಲುಬುಗೂಡಿನ ರೂಪದಲ್ಲಿ ಬಂದು ರಾಜನ ಕೈಯನ್ನೂ ರೈತನ ಕೈಯನ್ನೂ ಒಂದೇ ರೀತಿ ಹಿಡಿದು ಎಳೆದುಕೊಂಡು ಹೋಗುವ ಚಿತ್ರಗಳು ಅಲ್ಲಿನ ಇಗರ್ಜಿಯ ಗೋಡೆಗಳಲ್ಲಿದ್ದವು. ಹಾನ್ಸ್ ಹೋಲ್ಬೈನ್ ಎಂಬ ಕಲಾವಿದನ ಅಂಥ ಮರದಚ್ಚಿನ ಚಿತ್ರಗಳು 1538ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ಪುಸ್ತಕವಾಗಿ ಬಂದವು.

ಈಗಿನ ಹಬ್ಬದಲ್ಲಿ ಎಷ್ಟು ಪಾಲು ಮೆಶೀಕಾದವರದ್ದು, ಎಷ್ಟು ಪಾಲು ಚರ್ಚಿನದ್ದು ಎಂದು ಚರಿತ್ರೆ ಬರೆಯುವವರು ಇನ್ನೂ ಜಗಳ ಆಡುತ್ತಾರೆ. 1910ರ ಕ್ರಾಂತಿಯ ನಂತರ ಅಲ್ಲಿನ ಸರಕಾರ, ಕಲಾವಿದರು "ನಮ್ಮದು ಅಪ್ಪಟ ಪ್ರಾಚೀನ" ಎಂದು ತೋರಿಸಲು ಮೊದಲನೆಯ ಬೇರನ್ನು ಜಾಸ್ತಿ ಎತ್ತಿ ಹಿಡಿದರು ಎನ್ನುವವರೂ ಇದ್ದಾರೆ. ಗಡಿನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯ ಇಲ್ಲ. ಇದು ಯಾರದ್ದು ಎಂದು ಕೇಳಿದರೆ ಒಂದೇ ಹೆಸರು ಹೇಳಲಾಗದ ಹಾಡು, ಆಟ, ಅಡುಗೆ ಎಷ್ಟೋ ನಮ್ಮಲ್ಲೂ ಇವೆ.

ಈ ಹಬ್ಬದ ಎರಡು ವಸ್ತುಗಳಿಗೆ ನಮಗೂ ನಂಟು ಇದೆ ಎಂದು ತಿಳಿದಾಗ ಮಕ್ಕಳು ಚುರುಕಾದರು. ಮೊದಲನೆಯದು ಹೂವು. ಸತ್ತವರಿಗೆ ದಾರಿ ತೋರಿಸಲು ಮೆಕ್ಸಿಕೋದವರು ಚೆಲ್ಲುವ ಸೆಂಪಸೂಚಿಲ್ ಬೇರೆ ಯಾವುದೂ ಅಲ್ಲ, ನಮ್ಮ ಗೊಂಡೆ ಹೂವು! ಘಟ್ಟದ ಮೇಲಿನವರು ಚೆಂಡು ಹೂ ಎನ್ನುವುದು ಇದನ್ನೇ. ಆಯುಧ ಪೂಜೆಗೆ ಬಸ್ಸಿನ ಮೂತಿಗೆ ಕಟ್ಟುವ ಈ ಹೂವಿನ ತವರು ಮೆಕ್ಸಿಕೋ. ಯುರೋಪಿನವರು ಅಮೆರಿಕ ಕಂಡ ಮೇಲೆ ಹಡಗಿನಲ್ಲಿ ಊರೂರು ಸುತ್ತಿ ನಮ್ಮಲ್ಲಿಗೆ ಬಂದದ್ದು.

ಎರಡನೆಯದು ನಮ್ಮಿಂದ ಅಲ್ಲಿಗೆ ಹೋದದ್ದು. ಸಕ್ಕರೆ ಪಾಕದಿಂದ ಮಾಡುವ ತಲೆಬುರುಡೆ, ಕುರಿಮರಿ ಮುಂತಾದ ಗೊಂಬೆಗಳಿಗೆ ಅಲ್ಲಿ ಅಲ್ಫೆನ್ಯೀಕೆ ಎನ್ನುತ್ತಾರೆ. ತೊಲೂಕಾ ಎಂಬ ಊರಿನಲ್ಲಿ ಇದರದ್ದೇ ದೊಡ್ಡ ಸಂತೆ ನಡೆಯುತ್ತದೆ. ಆ ಪದ ಸ್ಪೇನಿಗೆ ಬಂದದ್ದು ಅರಬ್ಬಿಯಿಂದ, ಅರಬ್ಬಿಗೆ ಪಾರಸಿಯಿಂದ, ಪಾರಸಿಗೆ ಸಂಸ್ಕೃತದ ಫಾಣಿತ ಎಂಬ ಪದದಿಂದ. ಫಾಣಿತ ಎಂದರೆ ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿಮಾಡಿದ ಪಾಕ. ಸಂಕ್ರಾಂತಿಗೆ ಘಟ್ಟದ ಮೇಲಿನ ನೆಂಟರು ಸಕ್ಕರೆ ಅಚ್ಚು ತಂದುಕೊಡುತ್ತಾರಲ್ಲ, ಮರದ ಅಚ್ಚಿನಲ್ಲಿ ಪಾಕ ಹೊಯ್ದು ಮಾಡಿದ ಬಿಳಿ ಆನೆ, ಬಿಳಿ ಗೋಪುರ? ಮೆಕ್ಸಿಕೋದವರು ಅದೇ ರೀತಿ ಅಚ್ಚಿನಲ್ಲಿ ಪಾಕ ಹೊಯ್ದು ಬುರುಡೆ ತೆಗೆಯುತ್ತಾರೆ. ಹಣೆಯ ಮೇಲೆ ಹೆಸರು ಬರೆಯುತ್ತಾರೆ. ಬದುಕಿರುವ ಗೆಳೆಯನ ಹೆಸರನ್ನೂ ಬರೆದು ಅವನಿಗೇ ತಿನ್ನಲು ಕೊಡುವುದುಂಟು!

ಇಷ್ಟು ಹೇಳಿದ ಮೇಲೆ ಹೊಸೆ ಗ್ವಾದಲೂಪೆ ಪೊಸಾದಾ ಎಂಬವರ ಕತೆ ಹೇಳಬೇಕು. ಇವತ್ತು ನಾವು ನೋಡುವ ಕಲವೇರಾಗಳ ಮುಖದಲ್ಲಿರುವುದು ಬಹುತೇಕ ಇವರ ಕೈಬರಹ.

ಪೊಸಾದಾ ಹುಟ್ಟಿದ್ದು 1852ರ ಫೆಬ್ರವರಿ 2ರಂದು, ಆಗ್ವಾಸ್‌ಕಾಲಿಯೆಂತೆಸ್ ಎಂಬ ಊರಿನಲ್ಲಿ. ತಂದೆ ರೊಟ್ಟಿ ಸುಡುವವರು. ಓದು ಬರಹ ಕಲಿಸಿದ್ದು ಅಣ್ಣ, ಆತ ಶಾಲಾ ಮೇಷ್ಟ್ರು. ಹುಡುಗ ಚೆನ್ನಾಗಿ ಗೆರೆ ಎಳೆಯುತ್ತಾನೆ ಎಂದು ಊರಿನ ಒಂದು ಅಚ್ಚುಕೂಟಕ್ಕೆ ಸೇರಿಸಿದರು. 1871ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದು ವಿಡಂಬನೆಯ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. ಮರುವರ್ಷ ಲೆಯೋನ್ ಎಂಬ ಪಟ್ಟಣಕ್ಕೆ ಹೋದರು. ಅಲ್ಲಿ ಕೆಲವು ವರ್ಷ ಹೈಸ್ಕೂಲಿನಲ್ಲಿ ಕಲ್ಲಚ್ಚಿನ ಪಾಠ ಹೇಳಿದ್ದೂ ಉಂಟು. ಅಂದರೆ ಅವರೂ ನಮ್ಮ ಜಾತಿಯವರೇ, ಡ್ರಾಯಿಂಗ್ ಮೇಷ್ಟ್ರು! 1888ರ ಜೂನಿನಲ್ಲಿ ಲೆಯೋನಿನಲ್ಲಿ ಭೀಕರ ನೆರೆ ಬಂತು. ಅದರ ನಂತರ ಪೊಸಾದಾ ರಾಜಧಾನಿಗೆ ವಲಸೆ ಹೋದರು.

ಮೆಕ್ಸಿಕೋ ನಗರದಲ್ಲಿ ಆಂತೋನಿಯೊ ವನೇಗಸ್ ಅರೋಯೊ ಎಂಬ ಪ್ರಕಾಶಕ ಇದ್ದರು. ಅವರದ್ದು ಬಡವರ ಪ್ರಕಾಶನ. ಹಾಡು, ಕೊಲೆ ಸುದ್ದಿ, ಭೂಕಂಪ, ಪವಾಡ, ಅಡುಗೆ, ಪ್ರೇಮಪತ್ರ ಬರೆಯುವ ಕ್ರಮ, ಎಲ್ಲವನ್ನೂ ತೆಳ್ಳಗಿನ ಬಣ್ಣದ ಕಾಗದದ ಮೇಲೆ ಅಚ್ಚು ಹಾಕಿ ಚಿಲ್ಲರೆ ಕಾಸಿಗೆ ಬೀದಿಯಲ್ಲಿ ಮಾರಿಸುತ್ತಿದ್ದರು. ನಮ್ಮ ಕಡೆ ಜಾತ್ರೆಯಲ್ಲಿ ಮಾರುತ್ತಿದ್ದ ಪದ ಪುಸ್ತಕಗಳನ್ನು ನೆನಪಿಸಿಕೊಳ್ಳಿ. ಕೊಳ್ಳುವವರಲ್ಲಿ ತುಂಬಾ ಜನಕ್ಕೆ ಓದಲು ಬರುತ್ತಿರಲಿಲ್ಲ, ಆದ್ದರಿಂದ ಚಿತ್ರ ದೊಡ್ಡದಿರಬೇಕಿತ್ತು. ಆ ಚಿತ್ರಗಳನ್ನು ಪೊಸಾದಾ ಸೀಸದ ತಗಡಿನ ಮೇಲೆ ಕೆತ್ತಿ, ಆಮೇಲೆ ಸತುವಿನ ತಗಡನ್ನು ಆಮ್ಲದಲ್ಲಿ ಕೊರೆದು, ಸಾವಿರಗಟ್ಟಲೆ ಮಾಡಿದರು.

ಪ್ರತಿ ನವೆಂಬರಿನಲ್ಲಿ ಕಲವೇರಾ ಹಾಳೆಗಳು ಬರುತ್ತಿದ್ದವು. ಅದರಲ್ಲಿ ಬದುಕಿರುವವರನ್ನೇ ಸತ್ತವರೆಂದು ಮಾಡಿ ಬರೆದ ತಮಾಷೆಯ ಪದ್ಯಗಳು. ಮಂತ್ರಿ ಸತ್ತ, ಪತ್ರಿಕೆಯವನು ಸತ್ತ, ಬೇಕರಿಯವಳು ಸತ್ತಳು, ಕುಡುಕ ಸತ್ತ, ಈಗ ಎಲ್ಲರೂ ಒಂದೇ ಗುಂಡಿಯಲ್ಲಿ ಹಲ್ಲು ಕಿರಿಯುತ್ತಿದ್ದಾರೆ ಎಂಬ ಧಾಟಿ. ಪೊಸಾದಾಗಿಂತ ಮೊದಲು ಮಾನುವೆಲ್ ಮನೀಯಾ ಎಂಬವರೂ ಇಂಥ ಚಿತ್ರ ಮಾಡಿದ್ದರು. ಆದರೆ ಪೊಸಾದಾ ಕೈಯಲ್ಲಿ ಎಲುಬುಗೂಡು ಸೈಕಲ್ ಹೊಡೆಯಿತು, ಕುದುರೆ ಏರಿತು, ಸೊಂಟ ಬಳುಕಿಸಿ ಕುಣಿಯಿತು. ಆಗ ದೇಶ ಆಳುತ್ತಿದ್ದದ್ದು ಪೋರ್ಫೀರಿಯೊ ದಿಯಾಸ್ ಎಂಬ ಸರ್ವಾಧಿಕಾರಿ. 1876ರಿಂದ 1911ರವರೆಗೆ, ನಡುವೆ ನಾಲ್ಕು ವರ್ಷ ಬಿಟ್ಟರೆ, ಅವನದ್ದೇ ಆಳ್ವಿಕೆ. ದೊಡ್ಡವರ ಹೆಸರು ಎತ್ತಿದರೆ ಪತ್ರಿಕೆಯವರು ಜೈಲಿಗೆ ಹೋಗುತ್ತಿದ್ದ ಕಾಲದಲ್ಲಿ "ಎಲ್ಲರೂ ಕೊನೆಗೆ ಎಲುಬೇ" ಎಂಬ ಮಾತನ್ನು ಮಾತ್ರ ಯಾರೂ ತಡೆಯುವ ಹಾಗಿರಲಿಲ್ಲ.

ಅವರ ಅತ್ಯಂತ ಪ್ರಸಿದ್ಧ ಚಿತ್ರ ಒಂದು ಹೆಣ್ಣು ತಲೆಬುರುಡೆ. ತಲೆಯ ಮೇಲೆ ಹೂವು, ಗರಿ ತುಂಬಿದ ಫ್ರೆಂಚ್ ಮಾದರಿಯ ದೊಡ್ಡ ಟೋಪಿ. ಮೈ ಇಲ್ಲ, ಬರೇ ತಲೆ. ಇವತ್ತು ಜಗತ್ತೆಲ್ಲ ಅವಳನ್ನು ಕತ್ರೀನಾ ಎಂದು ಕರೆಯುತ್ತದೆ. ಆದರೆ ಆಗ ಅವಳ ಹೆಸರು ಗರ್ಬಾನ್ಸೇರಾ, ಅಂದರೆ ಕಡಲೆ ಮಾರುವವಳು. ಮೆಕ್ಸಿಕೋದ ಮೂಲ ಧಾನ್ಯ ಜೋಳ, ಕಡಲೆ ಸ್ಪೇನಿನಿಂದ ಬಂದದ್ದು. ಮೂಲನಿವಾಸಿಯಾಗಿ ಹುಟ್ಟಿ, ಮುಖಕ್ಕೆ ಬಿಳಿ ಪೌಡರ್ ಬಳಿದು, ಜೋಳ ಬಿಟ್ಟು ಕಡಲೆ ಹಿಡಿದು, ತಾನು ಯುರೋಪಿನವಳು ಎಂದು ನಟಿಸುವವಳನ್ನು ಬೀದಿಯ ಜನ ಹೀಗೆ ಗೇಲಿ ಮಾಡುತ್ತಿದ್ದರು.

ನಿಜ ಹೇಳಬೇಕೆಂದರೆ ಇದನ್ನು ಪಾಠ ಮಾಡುವಾಗ ನಮ್ಮ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಇತ್ತು. ಕೇರಳದಲ್ಲಿ ಜೂನ್ ತಿಂಗಳ ಆರನೇ ಕೆಲಸದ ದಿನ ಶಾಲೆಯ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಡಿವಿಷನ್ ಉಳಿಯುತ್ತದೋ ಇಲ್ಲವೋ, ಅಧ್ಯಾಪಕರ ಹುದ್ದೆ ಉಳಿಯುತ್ತದೋ ಇಲ್ಲವೋ ಎಂದು ತೀರ್ಮಾನ. ಕನ್ನಡ ಡಿವಿಷನಿನ ಸಂಖ್ಯೆ ನಮ್ಮಲ್ಲಿ ಇಳಿಯುತ್ತಲೇ ಬಂದಿದೆ. ಮಕ್ಕಳನ್ನು ಇಂಗ್ಲಿಷಿಗೋ ಮಲಯಾಳಕ್ಕೋ ಸೇರಿಸುವವರ ಮೇಲೆ ನಮಗೆ ಒಳಗೊಳಗೇ ಸಿಟ್ಟು. ಹಾಗಾಗಿ ಗರ್ಬಾನ್ಸೇರಾಳ ಕತೆಯನ್ನು ಸ್ವಲ್ಪ ಖಾರ ಹಾಕಿಯೇ ಹೇಳಿದೆವು. ಮುಗಿದ ಮೇಲೆ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಕೇಳಿದಳು: "ಸರ್, ಅವಳು ಹೊಟ್ಟೆಗೆ ಕಡಲೆ ಮಾರಿದ್ರೆ ತಪ್ಪೆಂತ?"

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಹುಡುಗಿಯ ಅಕ್ಕ ಹೋದ ವರ್ಷವೇ ಇಂಗ್ಲಿಷ್ ಮಾಧ್ಯಮಕ್ಕೆ ಹೋದವಳು, ಅಮ್ಮ ಬೀಡಿ ಕಟ್ಟಿ ಫೀಸು ಕಟ್ಟುತ್ತಾರೆ. ಅವಳ ಪ್ರಶ್ನೆಯಿಂದ ನಾವು ಚಿತ್ರವನ್ನು ಮತ್ತೆ ನೋಡಿದೆವು. ಆ ಟೋಪಿಯ ಕೆಳಗೆ ಇರುವುದು ಬಂಗಲೆಯ ಒಡತಿಯಲ್ಲ, ಬಹುಶಃ ಒಬ್ಬಳು ಕೆಲಸದವಳು. ನಗು ಮೇಲಿನವರ ಮೇಲೆ ಬೀಳುವ ಬದಲು ಅವಳ ಮೇಲೆ ಬಿದ್ದಿದೆ. ಪೊಸಾದಾ ದೊಡ್ಡ ಕಲಾವಿದ ನಿಜ, ಆದರೆ ಅವರೂ ಪ್ರಕಾಶಕ ಹೇಳಿದ್ದನ್ನು ಕೆತ್ತಿ ಹೊಟ್ಟೆ ಹೊರೆದವರು. ಅವರನ್ನು ಕ್ರಾಂತಿಯ ಕಹಳೆ ಊದಿದ ವೀರ ಎಂದು ಮಾಡಿದ್ದು ನಂತರದವರು. ಒಂದು ಉದಾಹರಣೆ ಸಾಕು. ಜೇಡದ ಹಾಗೆ ಕಾಲುಗಳಿರುವ ಒಂದು ಭಯಂಕರ ಕಲವೇರಾವನ್ನು "ಸರ್ವಾಧಿಕಾರಿ ಉಯೆರ್ತಾನ ಮೇಲೆ ಪೊಸಾದಾ ಮಾಡಿದ್ದು" ಎಂದು ಎಷ್ಟೋ ಕಡೆ ಬರೆಯುತ್ತಾರೆ. ಉಯೆರ್ತಾ ಅಧಿಕಾರ ಕಸಿದುಕೊಂಡದ್ದು 1913ರ ಫೆಬ್ರವರಿಯಲ್ಲಿ. ಪೊಸಾದಾ ತೀರಿಕೊಂಡದ್ದು 1913ರ ಜನವರಿ 20ರಂದು! ಇಸವಿ ನೋಡಿ ಓದಿ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಲ್ಲ.

ಪೊಸಾದಾ ಸಾವು ನಮ್ಮ ತರಗತಿಯನ್ನು ಸುಮ್ಮನಾಗಿಸಿದ ಭಾಗ. ಇಪ್ಪತ್ತು ವರ್ಷಕ್ಕೂ ಮೀರಿ ಇಡೀ ನಗರದ ಸತ್ತವರನ್ನು ನಗಿಸಿದ ಮನುಷ್ಯ ಬಡವನಾಗಿಯೇ ತೀರಿಕೊಂಡರು. ದೊಲೋರೆಸ್ ಎಂಬ ಸ್ಮಶಾನದಲ್ಲಿ ಆರನೇ ದರ್ಜೆಯ ಗುಂಡಿಯಲ್ಲಿ ಹೂತರು. ಆರನೇ ದರ್ಜೆ ಅಂದರೆ ದುಡ್ಡಿಲ್ಲದವರದ್ದು. ಏಳು ವರ್ಷ ಕಳೆದ ಮೇಲೂ ಯಾರೂ ಕೇಳಿಕೊಂಡು ಬರಲಿಲ್ಲ. ಎಲುಬುಗಳನ್ನು ತೆಗೆದು ಎಲ್ಲರ ಎಲುಬು ಹಾಕುವ ಸಾಮೂಹಿಕ ಗುಂಡಿಗೆ ಹಾಕಿದರು. ಇವತ್ತು ಅವರ ಎಲುಬು ಇಂಥದ್ದು ಎಂದು ತೋರಿಸಲು ಯಾರಿಂದಲೂ ಆಗದು. ಅವರೇ ಕೆತ್ತಿದ್ದ ಮಾತು ಅವರ ವಿಷಯದಲ್ಲಿ ಅಕ್ಷರಶಃ ನಿಜವಾಯಿತು.

ಹಾಗಾದರೆ ಅವರ ಹೆಸರು ಹೇಗೆ ಉಳಿಯಿತು? ಇದಕ್ಕೆ ಉತ್ತರ ಒಂದು ಶಾಲಾ ಹುಡುಗನಿಂದ ಶುರುವಾಗುತ್ತದೆ. ಪೊಸಾದಾ ಕೆಲಸ ಮಾಡುತ್ತಿದ್ದದ್ದು ಬೀದಿಗೆ ಕಾಣುವ ಕಿಟಕಿಯ ಹಿಂದೆ. ಆ ದಾರಿಯಲ್ಲಿ ದಿನಕ್ಕೆ ನಾಲ್ಕು ಸಲ ಶಾಲೆಗೆ ಹೋಗಿ ಬರುತ್ತಿದ್ದ ಒಬ್ಬ ಹುಡುಗ ಪ್ರತಿ ಸಲವೂ ನಿಂತು ನೋಡುತ್ತಿದ್ದ. ಕೆಲವೊಮ್ಮೆ ಧೈರ್ಯ ಮಾಡಿ ಒಳಗೆ ನುಗ್ಗಿ ನೆಲದ ಮೇಲೆ ಬಿದ್ದ ಲೋಹದ ಚೂರುಗಳನ್ನು ಎತ್ತಿಕೊಂಡು ಬರುತ್ತಿದ್ದ. ಆ ಹುಡುಗ ಹೊಸೆ ಕ್ಲೆಮೆಂತೆ ಒರೋಸ್ಕೊ, ಮುಂದೆ ಮೆಕ್ಸಿಕೋದ ಮೂರು ಮಹಾ ಭಿತ್ತಿಚಿತ್ರಕಾರರಲ್ಲಿ ಒಬ್ಬರಾದವರು. ಇದನ್ನು ಅವರೇ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ಆಮೇಲೆ ಫ್ರಾನ್ಸಿನಿಂದ ಬಂದ ಜ್ಯಾಂ ಷಾರ್ಲೊ ಎಂಬ ಕಲಾವಿದ ಬೀದಿಯಲ್ಲಿ ಮಾರುತ್ತಿದ್ದ ಹಾಳೆಗಳ ಚಿತ್ರಗಳ ಮೂಲ ಹುಡುಕುತ್ತ ವನೇಗಸ್ ಅರೋಯೊ ಮನೆಯವರ ಅಚ್ಚುಕೂಟಕ್ಕೆ ಹೋಗಿ, 1925ರಲ್ಲಿ ಪೊಸಾದಾ ಬಗ್ಗೆ ಲೇಖನ ಬರೆದರು. 1930ರಲ್ಲಿ ಆ ಮನೆಯವರು ಜೋಪಾನ ಮಾಡಿದ್ದ ತಗಡುಗಳಿಂದಲೇ ಚಿತ್ರಗಳ ಸಂಪುಟ ಬಂತು. ಮುನ್ನುಡಿ ಡಿಯೇಗೊ ರಿವೇರಾ ಅವರದ್ದು.

ಅದೇ ರಿವೇರಾ 1947ರಲ್ಲಿ ಮೆಕ್ಸಿಕೋ ನಗರದ ಒಂದು ಹೋಟೆಲಿನ ಗೋಡೆಯ ಮೇಲೆ ಸುಮಾರು 15 ಮೀಟರ್ ಉದ್ದದ ಚಿತ್ರ ಮುಗಿಸಿದರು. ಆಲಮೇಡಾ ಉದ್ಯಾನದಲ್ಲಿ ಒಂದು ಭಾನುವಾರದ ಸಂಜೆ. ಮೆಕ್ಸಿಕೋದ ನಾಲ್ಕು ಶತಮಾನದ ಜನರೆಲ್ಲ ಅಲ್ಲಿ ಅಡ್ಡಾಡುತ್ತಿದ್ದಾರೆ. ನಟ್ಟನಡುವೆ ನಮ್ಮ ಕಡಲೆ ಮಾರುವವಳು! ರಿವೇರಾ ಅವಳಿಗೆ ಮೈ ಕೊಟ್ಟರು, ಉದ್ದ ನಿಲುವಂಗಿ ಉಡಿಸಿದರು, ಕೊರಳಿಗೆ ಮೆಶೀಕಾದವರ ಗರಿಹಾವನ್ನು ಶಾಲಿನ ಹಾಗೆ ಹೊದಿಸಿದರು. ಒಂದು ಬದಿಯಲ್ಲಿ ಅವಳ ತೋಳು ಹಿಡಿದು ಪೊಸಾದಾ ನಿಂತಿದ್ದಾರೆ. ಇನ್ನೊಂದು ಬದಿಯಲ್ಲಿ ಅವಳ ಕೈ ಹಿಡಿದಿರುವ ಚಡ್ಡಿ ಹಾಕಿದ ಹುಡುಗ ಸ್ವತಃ ರಿವೇರಾ. ಗರ್ಬಾನ್ಸೇರಾ ಎಂಬ ಬೈಗುಳ ಹೋಗಿ ಕತ್ರೀನಾ, ಅಂದರೆ ಠಾಕುಠೀಕಾದವಳು, ಎಂಬ ಹೆಸರು ನಿಂತಿತು. 1985ರ ಸೆಪ್ಟೆಂಬರ್ 19ರ ಭೂಕಂಪದಲ್ಲಿ ಆ ಹೋಟೆಲು ಹಾಳಾಯಿತು, ಕೆಡವಬೇಕಾಯಿತು. ಗೋಡೆಯನ್ನೇ ಸಾಗಿಸಿ ತಂದು ಪಕ್ಕದಲ್ಲಿ ಕಟ್ಟಿದ ಮ್ಯೂಸಿಯಮ್ಮಿನಲ್ಲಿ ಇಟ್ಟರು. ಅದು 1988ರಿಂದ ಅಲ್ಲಿದೆ.

ಕಾಗದದ ಮೇಲಿನ ಎಲುಬುಗೂಡು ಗೊಂಬೆಯಾದದ್ದು ಪೇಟೆಯ ಕುಶಲಕರ್ಮಿಗಳ ಕೈಯಲ್ಲಿ. ಕಾಗದ, ಅಂಟು, ಬಿದಿರು ಕಡ್ಡಿಯಿಂದ ಗೊಂಬೆ ಮಾಡುವ ಕಸುಬಿಗೆ ಅಲ್ಲಿ ಕಾರ್ತೊನೆರಿಯಾ ಎನ್ನುತ್ತಾರೆ. ಈಸ್ಟರಿನ ಮುಂಚೆ ಸುಡುವ ಯೂದಾಸನ ಗೊಂಬೆ ಮಾಡುವವರು ಇವರೇ. ಅವರಲ್ಲಿ ಪೆದ್ರೊ ಲಿನಾರೆಸ್ (1906–1992) ಎಂಬವರ ಮನೆತನ ದೊಡ್ಡದು. ಪೊಸಾದಾ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಅವರು, ಅವರ ಮಕ್ಕಳು ಆಳೆತ್ತರದ ಕಲವೇರಾಗಳನ್ನು ಮಾಡಿದರು. 1991ರಲ್ಲಿ ಲಂಡನ್ನಿನಲ್ಲಿ ಸತ್ತವರ ಹಬ್ಬದ ದೊಡ್ಡ ಪ್ರದರ್ಶನ ನಡೆದಾಗ ಅವರ ಗೊಂಬೆಗಳನ್ನು ಜನ ನಿಂತು ನೋಡಿದರು. ಮಿಚೊವಾಕಾನ್ ಪ್ರಾಂತದ ಕಪೂಲಾ ಎಂಬ ಕುಂಬಾರರ ಊರಿನಲ್ಲಿ 1980ರ ದಶಕದಲ್ಲಿ ಹುವಾನ್ ತೊರೆಸ್ ಎಂಬ ಕಲಾವಿದ ಮಣ್ಣಿನ ಕತ್ರೀನಾ ಮಾಡುವುದನ್ನು ಶುರುಮಾಡಿ ಕಲಿಸಿದರು. ಈಗ ಅದು ಆ ಊರಿನ ಜೀವನೋಪಾಯ.

2008ರಲ್ಲಿ ಯುನೆಸ್ಕೋ ಈ ಹಬ್ಬವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2015ರ ಒಂದು ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಮೆಕ್ಸಿಕೋ ನಗರದಲ್ಲಿ ಭಾರೀ ಎಲುಬುಗೂಡು ಮೆರವಣಿಗೆ ತೋರಿಸಿದರು. ನಿಜಕ್ಕೂ ಅಂಥ ಮೆರವಣಿಗೆ ಆ ನಗರದಲ್ಲಿ ಇರಲೇ ಇಲ್ಲ. ಸಿನಿಮಾ ನೋಡಿ ಬರುವ ಪ್ರವಾಸಿಗರಿಗಾಗಿ 2016ರಿಂದ ಶುರುಮಾಡಿದರು! ಸಂಪ್ರದಾಯ ಹುಟ್ಟುವುದು ಹೀಗೂ ಉಂಟು ಎಂದಾಗ ಮಕ್ಕಳಿಗೆ ನಗುವೋ ನಗು.

ಇನ್ನು ನಮ್ಮ ಕೆಲಸ. ಮಾಡಲು ಬಯಸುವ ಅಧ್ಯಾಪಕ ಮಿತ್ರರಿಗಾಗಿ ಬರೆಯುತ್ತೇವೆ. ಚಪ್ಪಲಿ ಅಂಗಡಿಯಿಂದ ಖಾಲಿ ಪೆಟ್ಟಿಗೆ ಪುಕ್ಕಟೆ ಸಿಕ್ಕಿತು. ಕೈಕಾಲಿನ ಎಲುಬಿಗೆ ಹಿಡಿಸೂಡಿಯ ಕಡ್ಡಿ, ಮೇಲೆ ಪತ್ರಿಕೆಯ ಪಟ್ಟಿ ಸುತ್ತಿ ಅಂಟು. ತಲೆಗೆ ನೆನೆಸಿ ರುಬ್ಬಿದ ಕಾಗದದ ಹಿಟ್ಟು. ಮನುಷ್ಯನ ಮೈಯಲ್ಲಿ 206 ಎಲುಬು, ಗೊಂಬೆಗೆ ಇಪ್ಪತ್ತು ಸಾಕು. ಅಂಗೈ ಉದ್ದಕ್ಕಿಂತ ದೊಡ್ಡದು ಮಾಡಿದರೆ ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಮೈದಾ ಅಂಟಿಗೆ ಹುಳ ಹಿಡಿಯದ ಹಾಗೆ ದೊಡ್ಡವರು ಮೈಲುತುತ್ತು ಹಾಕುವುದುಂಟು. ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ಒಂದು ಗುಂಪು ಅದರ ಬದಲು ಅರಿಶಿನ ಹಾಕಿತು. ಎಲುಬುಗಳೆಲ್ಲ ಹಳದಿ! "ಇವರು ಕಾಮಾಲೆ ಬಂದು ಸತ್ತವರು" ಎಂದು ಉಳಿದವರು ಗುರುತಿಸಿದರು. ಅಕ್ಟೋಬರಿನ ಗುಡುಗು ಮಳೆಗೆ ಯಾವುದೂ ಒಣಗಲಿಲ್ಲ. ಮಧ್ಯಾಹ್ನದ ಊಟದ ಅಡುಗೆಮನೆಯಲ್ಲಿ ಒಲೆಯ ಹತ್ತಿರ ಸಾಲಾಗಿ ಇಟ್ಟೆವು. ಅಡುಗೆಯ ಅಕ್ಕ ಬೆಳಿಗ್ಗೆ ಬಾಗಿಲು ತೆರೆದು ನೋಡಿ, "ಮಾಷ್ಟ್ರೇ, ನಿಮ್ಮ ಹೆಣಗಳನ್ನು ಆಚೆ ಇಡಿ, ನನಗೆ ಅನ್ನ ಇಡ್ಲಿಕ್ಕುಂಟು" ಎಂದರು.

ಇನ್ನೊಂದು ಎಚ್ಚರಿಕೆ. ತರಗತಿಯಲ್ಲಿ ಇತ್ತೀಚೆಗೆ ಸಾವು ಕಂಡ ಮನೆಯ ಮಗು ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ನಮ್ಮಲ್ಲಿ ಒಬ್ಬನ ತಂದೆ ಆ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಅವನನ್ನು ಒತ್ತಾಯಿಸಲಿಲ್ಲ. ಅವನು ಎಲುಬುಗೂಡು ಮಾಡಲಿಲ್ಲ. ಪೆಟ್ಟಿಗೆಯೊಳಗೆ ಒಂದು ಕುರ್ಚಿ, ಒಂದು ಟಾರ್ಚು, ಒಂದು ಗೊಂಡೆ ಹೂ ಇಟ್ಟ.

ಉಳಿದವರು ಏನೇನು ಮಾಡಿದರು? ನಾವು ಮೆಕ್ಸಿಕೋದ ಚಿತ್ರಗಳನ್ನು ತೋರಿಸಿದ್ದೆವು. ಪೆಟ್ಟಿಗೆಯೊಳಗೆ ಬಂದದ್ದು ಅವರವರ ಮನೆ, ಅವರವರ ಊರು. ಕಿಟಕಿಯಿಂದ ಕೈಬೀಸುವ ಬಸ್ಸು ಕಂಡಕ್ಟರ್ ಎಲುಬುಗೂಡು. ಮೀನು ಮಾರುವ ಎಲುಬುಗೂಡು, ಬುಟ್ಟಿಯಲ್ಲಿ ಮೀನಿನ ಮುಳ್ಳುಗಳು. ಕಿರೀಟ ಕಟ್ಟಿದ ಯಕ್ಷಗಾನದ ವೇಷ. ಕಡಲೆಯ ಪ್ರಶ್ನೆ ಕೇಳಿದ ಹುಡುಗಿ ಬೀಡಿ ಕಟ್ಟುವ ಎಲುಬುಗೂಡು ಮಾಡಿದಳು. ಅದರ ತಲೆಗೆ ಗರಿ, ಹೂವು ಸಿಕ್ಕಿಸಿದ ದೊಡ್ಡ ಟೋಪಿ ಇಟ್ಟಿದ್ದಳು. ನಾವು ಏನೂ ಕೇಳಲಿಲ್ಲ.

ನವೆಂಬರ್ 1ರಂದು ಅಸೆಂಬ್ಲಿ ಮುಗಿದ ಮೇಲೆ ವರಾಂಡದಲ್ಲಿ ಪೆಟ್ಟಿಗೆಗಳನ್ನು ಇಟ್ಟೆವು. ಪಿ.ಟಿ.ಎ.ಯಲ್ಲಿ ವಿರೋಧಿಸಿದ್ದ ಮನೆಯಿಂದ ಒಬ್ಬರು ಅಜ್ಜಿ ಬಂದರು. ಅವರ ಮೊಮ್ಮಗಳ ಪೆಟ್ಟಿಗೆಯಲ್ಲಿ ಇದ್ದದ್ದು ಮದುವೆ. ಮೆಕ್ಸಿಕೋದ ಗೊಂಬೆಗಳಲ್ಲಿ ಮದುಮಕ್ಕಳ ಜೋಡಿ ಬಹಳ ಪ್ರಸಿದ್ಧ, ಅದನ್ನೇ ನೋಡಿ ಮಾಡಿದ್ದಾಳೆ ಎಂದುಕೊಂಡಿದ್ದೆವು. ಅಲ್ಲ. ಅದು ಕುಲೆ ಮದುವೆ. ತುಳುನಾಡಿನವರಿಗೆ ವಿವರಿಸಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇವೆ: ಮದುವೆಯಾಗದೆ ಸತ್ತುಹೋದ ಮಗುವಿಗೆ, ಬದುಕಿದ್ದರೆ ಮದುವೆಯ ವಯಸ್ಸಾಗುತ್ತಿದ್ದ ಹೊತ್ತಿಗೆ, ಅಂಥದ್ದೇ ಇನ್ನೊಂದು ಮನೆಯ ಸತ್ತ ಮಗುವನ್ನು ಹುಡುಕಿ, ಸೀರೆ ಪಂಚೆ ಇಟ್ಟು, ಎರಡೂ ಕಡೆಯವರು ಸೇರಿ ಊಟ ಹಾಕಿ ಮಾಡಿಸುವ ಮದುವೆ.

ಅಜ್ಜಿ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಮೊಮ್ಮಗಳಿಗೆ ತುಳುವಿನಲ್ಲಿ ಹೇಳಿದರು: ಹುಡುಗನ ಕಡೆಯವರು ಆಚೆ ಬದಿಗೆ ಕೂರಬೇಕು, ಮತ್ತೆ ಮದುಮಗಳ ಮುಂದೆ ಎಲೆ ಹಾಕಿಲ್ಲ, ಎಲೆ ಹಾಕು. ಹುಡುಗಿ ಅಲ್ಲೇ ಅಂಗಳದ ಬಾಳೆಯಿಂದ ಉಗುರಗಲದ ಚೂರು ಹರಿದು ತಂದು ಇಟ್ಟಳು. ಆ ಮನೆಯಲ್ಲಿ ಮೂರು ವರ್ಷಕ್ಕೆ ತೀರಿಕೊಂಡ ಒಂದು ಹೆಣ್ಣು ಮಗು ಇತ್ತು ಎಂದು ನಮಗೆ ಗೊತ್ತಾದದ್ದು ಆಮೇಲೆ.

ಹೆಣದ ಗೊಂಬೆ ಎಂತಕ್ಕೆ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ. ಪೊಸಾದಾ ಎಲುಬನ್ನು ಕಾಯಲು ಯಾರೂ ಬರಲಿಲ್ಲ, ಅದು ಹೋಯಿತು. ಅವರ ತಗಡುಗಳನ್ನು ಕೆಲವರು ಕಾದರು, ಅವು ಉಳಿದವು. ನೆನಪು ತಾನಾಗಿ ಉಳಿಯುವುದಿಲ್ಲ, ಯಾರಾದರೂ ಕಿಟಕಿಯ ಹತ್ತಿರ ನಿಂತು ನೋಡಬೇಕು, ಯಾರಾದರೂ ಕೈಗೆ ಅಂಟು ಮಾಡಿಕೊಳ್ಳಬೇಕು. ಸತ್ತವರ ವಿಷಯದಲ್ಲಿ ಹೇಗೋ ಒಂದು ಭಾಷೆಯ ತರಗತಿಯ ವಿಷಯದಲ್ಲೂ ಹಾಗೆಯೇ ಎಂದು ನಮಗೆ ಅನಿಸುತ್ತದೆ. ಬಿಟ್ಟು ಹೋದವರನ್ನು ಗೇಲಿ ಮಾಡಿ ಅದನ್ನು ಉಳಿಸಲು ಆಗುವುದಿಲ್ಲ ಎಂಬುದನ್ನು ಹಿಂದಿನ ಬೆಂಚಿನ ಹುಡುಗಿ ಕಲಿಸಿದ್ದಾಳೆ.

ಪೆಟ್ಟಿಗೆಗಳು ಈಗ ಸ್ಟಾಫ್ ರೂಮಿನ ಅಲಮಾರಿನ ಮೇಲಿವೆ. ಮೂರಕ್ಕೆ ಗೆದ್ದಲು ಹಿಡಿದಿದೆ, ಅರಿಶಿನ ಹಾಕಿದ ಪೆಟ್ಟಿಗೆ ಮಾತ್ರ ಹಾಗೆಯೇ ಇದೆ! ಈ ಅಕ್ಟೋಬರಿನಲ್ಲಿ ಮತ್ತೆ ಮಾಡುವ ಯೋಚನೆ ಇದೆ. ಯಾರಾದರೂ ಆ ಕಡೆ ಬಂದರೆ ಖಾಲಿ ಚಪ್ಪಲಿ ಪೆಟ್ಟಿಗೆ ಇದ್ದರೆ ತನ್ನಿ.